ಕಾಡುಗಿಡದಿಂದ ಕಡಲೆಕಾಯಿಗೆ ಬಂದ ಕಸುವು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ತೆಂಗಿನ ಸೀಮೆ. ಅಲ್ಲಿಂದ ಶಿರಾ, ಪಾವಗಡದ ಕಡೆಗೆ ಹೊರಟರೆ ತೋಟಗಳು ವಿರಳವಾಗಿ, ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲಗಳು ಎದುರಾಗುತ್ತವೆ. ಎರಡೂ ಎಣ್ಣೆ ಕೊಡುವ ಬೆಳೆಗಳೇ. ಆದರೆ ತೆಂಗು ನೆಟ್ಟವರು ದಶಕಗಳ ಕಾಲ ಕಾಯಿ ಕೀಳುತ್ತಾರೆ. ಕಡಲೆಕಾಯಿ ಬಿತ್ತಿದವರ ವರ್ಷದ ಲೆಕ್ಕ ಮೂರೂವರೆ, ನಾಲ್ಕು ತಿಂಗಳಲ್ಲೇ ತೀರ್ಮಾನವಾಗುತ್ತದೆ.

ಈ ಅವಧಿಯಲ್ಲಿ ಬೆಳೆಯನ್ನು ಕಾಡುವ ಶಿಲೀಂಧ್ರ ರೋಗಗಳಲ್ಲಿ ಮುಖ್ಯವಾದವು ಎಲೆಚುಕ್ಕೆ ಮತ್ತು ತುಕ್ಕು. ಎಲೆ ಉದುರಿದರೆ ಕಾಳು ಜೊಳ್ಳು. ದನಗಳಿಗೆ ಮೇವೂ ಇಲ್ಲ. ರೋಗ ತೀವ್ರವಾದರೆ ಅರ್ಧಕ್ಕೂ ಹೆಚ್ಚು ಇಳುವರಿ ಕೈತಪ್ಪಬಹುದು. ಈಗಿನ ತಮಿಳುನಾಡಿನ ತಿಂಡಿವನದಲ್ಲಿ 1940ರಲ್ಲಿ ರೂಪುಗೊಂಡು ನಮ್ಮ ರೈತರ ಮೆಚ್ಚುಗೆ ಗಳಿಸಿದ ಟಿ.ಎಂ.ವಿ.-2 ತಳಿಗೆ ಈ ರೋಗಗಳನ್ನು ತಡೆಯುವ ಶಕ್ತಿಯಿಲ್ಲ.

ಆ ಶಕ್ತಿ ಇದ್ದದ್ದು ದೂರದ ಬೊಲಿವಿಯಾದ ಕಾಡು ಕಡಲೆಕಾಯಿಯಲ್ಲಿ. ಆದರೆ ಅದರ ವರ್ಣತಂತುಗಳು 20, ನಮ್ಮ ಕಡಲೆಕಾಯಿಯವು 40. ಎರಡನ್ನೂ ಕೂಡಿಸಿದರೆ 30 ವರ್ಣತಂತುಗಳ, ಕಾಯಿ ಕಟ್ಟದ ಗಿಡ ಹುಟ್ಟುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕರೋಲಿನಾದಲ್ಲಿ ಆರಂಭವಾದ ಪ್ರಯೋಗಗಳಲ್ಲಿ ವಿಜ್ಞಾನಿಗಳು ಆ 30ನ್ನು 60ಕ್ಕೆ ಇಮ್ಮಡಿಗೊಳಿಸಿದರು. ಮುಂದಿನ ಪೀಳಿಗೆಗಳಲ್ಲಿ ಹೆಚ್ಚಿನವು ಕಳಚಿ 40ಕ್ಕೆ ನಿಂತವು. ಕೆಲವು ಗಿಡಗಳಲ್ಲಿ ಕಾಡಿನ ರೋಗನಿರೋಧಕ ಗುಣ ಉಳಿಯಿತು.

ಅದೇ ವಂಶದ ಒಂದು ಕುಡಿಯನ್ನು ಕೆ.ಆರ್.ಜಿ.-1 ತಳಿಯೊಂದಿಗೆ ಕೂಡಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಾ. ಎಂ.ವಿ.ಸಿ. ಗೌಡ ಮತ್ತು ಸಂಗಡಿಗರು ಜಿ.ಪಿ.ಬಿ.ಡಿ.-4 ತಳಿ ರೂಪಿಸಿದರು. 2002ರಲ್ಲಿ ಅದರ ವಿವರ ಪ್ರಕಟಿಸಿದರು. ಇದು ಎಲೆಚುಕ್ಕೆ, ತುಕ್ಕು ಎರಡನ್ನೂ ತಡೆದುಕೊಳ್ಳುತ್ತದೆ. ಮುಂದೆ ಅಲ್ಲಿಯ ವಿಜ್ಞಾನಿಗಳು ಈ ಗುಣವನ್ನು ಟಿ.ಎಂ.ವಿ.-2ಕ್ಕೂ ಸೇರಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಸಿಯ ಡಿ.ಎನ್.ಎ. ಪರೀಕ್ಷಿಸಿದರೆ, ರೋಗ ಬರುವವರೆಗೆ ಕಾಯದೆ ಬೇಕಾದ ಗಿಡ ಆರಿಸಬಹುದು.

ಕೈಕೆಲಸ ಮಾತ್ರ ಹಳೆಯದೇ. ಸಂಜೆ ಮೊಗ್ಗು ಬಿಡಿಸಿ ಕೇಸರಗಳನ್ನು ಚಿಮುಟದಿಂದ ಕೀಳಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸೋಕಿಸಬೇಕು. ಬಳಿಕ ಹೂವಿನಿಂದ ದಾರದಂಥ ಕಡ್ಡಿ ಮಣ್ಣಿಗಿಳಿದು ಕಾಯಿ ಕಟ್ಟುತ್ತದೆ.

ಎಣ್ಣೆಯ ಗುಣವೂ ವಂಶದಿಂದಲೇ ಬರುತ್ತದೆ. ಕಡಲೆಕಾಯಿ ಎಣ್ಣೆ ಕಮಟು ಹಿಡಿಯಲು ಮುಖ್ಯ ಕಾರಣ ಅದರಲ್ಲಿರುವ ಲಿನೋಲಿಕ್ ಆಮ್ಲ. ಒಲೀಯಿಕ್ ಆಮ್ಲ ಹೆಚ್ಚಿದ್ದರೆ ಎಣ್ಣೆ ಬಹುಕಾಲ ಕೆಡುವುದಿಲ್ಲ. ಒಲೀಯಿಕ್ ಆಮ್ಲ ಸುಮಾರು ಶೇಕಡಾ 80ರಷ್ಟಿರುವ ಗಿಡವನ್ನು ಫ್ಲಾರಿಡಾದ ವಿಜ್ಞಾನಿಗಳು 1987ರಲ್ಲಿ ವರದಿ ಮಾಡಿದರು. ಆ ಗುಣ ಹೊತ್ತ ಗಿರ್ನಾರ್-4, ಗಿರ್ನಾರ್-5 ತಳಿಗಳು 2020ರಲ್ಲಿ ಭಾರತದಲ್ಲಿ ಬಿಡುಗಡೆಯಾದವು.

ರೈತರಿಗೆ ಇನ್ನೊಂದು ಅನುಕೂಲವಿದೆ. ಕಡಲೆಕಾಯಿಯ ಹೂ ಹೆಚ್ಚಾಗಿ ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಹೀಗಾಗಿ ಒಮ್ಮೆ ತಂದ ಒಳ್ಳೆಯ ಬೀಜವನ್ನು ಬೆರಕೆಯಾಗದಂತೆ ಕಾದಿಟ್ಟರೆ, ಮುಂದಿನ ಮುಂಗಾರಿಗೂ ಅದೇ ಬಿತ್ತನೆಗೆ ಆಗುತ್ತದೆ.