ಚರ್ಮದಿಂದ ವಿಷಕ್ಕೆ, ವಿಷದಿಂದ ಟಿಕೆಟ್ಟಿಗೆ: ಮದ್ರಾಸಿನ ಹಾವುಗಳ ಚರಿತ್ರೆ

ಚೆನ್ನೈ ನಗರದ ಉತ್ತರದ ಅಂಚಿನಲ್ಲಿರುವ ಎಣ್ಣೂರಿನ ಬಳಿ ಕೊಸಸ್ತಲೈಯಾರು ನದಿಯು ಸಮುದ್ರ ಸೇರುವ ಮುನ್ನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಬಲೆಯನ್ನೂ ದೋಣಿಯನ್ನೂ ಬಳಸದೆ ಆ ನೀರಿಗೆ ಇಳಿದು, ತಳದ ಕೆಸರಿನಲ್ಲಿ ಬೆರಳಾಡಿಸಿ ಸೀಗಡಿ ಹಿಡಿದು, ಹಲ್ಲಿನಲ್ಲಿ ಕಚ್ಚಿಕೊಂಡ ತಾಳೆಗರಿಯ ಚೀಲಕ್ಕೆ ಅದನ್ನು ತುಂಬಿಸಿಕೊಳ್ಳುವ ಇರುಳರ ಕುಟುಂಬಗಳು ಎಣ್ಣೂರಿನಿಂದ ಪುಲಿಕಾಟ್ ಸರೋವರದವರೆಗೂ ಇವೆ. ಇದೇ ಸಮುದಾಯದ ಮತ್ತೊಂದು ಗುಂಪು ನಗರದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ವಡನೆಮ್ಮೇಲಿಯಲ್ಲಿ, ಟಿಕೆಟ್ ಪಡೆದು ಬಂದ ಪ್ರವಾಸಿಗರ ಕಣ್ಣೆದುರು ನಾಗರಹಾವಿನ ವಿಷವನ್ನು ಗಾಜಿನ ಪಾತ್ರೆಗೆ ಇಳಿಸುತ್ತದೆ. ಕರ್ನಾಟಕದ ರಾಮನಗರ, ಕನಕಪುರ, ಮಾಗಡಿ ಸೀಮೆಯ ಇರುಳಿಗರನ್ನು ಬಲ್ಲ ಓದುಗರಿಗೆ ಈ ಜನರ ಕಾಡಿನ ತಿಳಿವಳಿಕೆ ಹೊಸದಲ್ಲ. ಆದರೆ ಆ ತಿಳಿವಳಿಕೆ ಪ್ರವಾಸಿ ಆಕರ್ಷಣೆಯಾಗಿ ಬದಲಾದ ಬಗೆ ಮದ್ರಾಸಿಗೇ ವಿಶಿಷ್ಟವಾದುದು, ಮತ್ತು ಪ್ರಾಣಿಯನ್ನು ಪ್ರದರ್ಶನಕ್ಕಿಡುವುದು ಎಷ್ಟರ ಮಟ್ಟಿಗೆ ನ್ಯಾಯ ಎಂಬ ಪ್ರಶ್ನೆಗೆ ಅಷ್ಟು ಕಷ್ಟದ ಉದಾಹರಣೆ ದಕ್ಷಿಣ ಭಾರತದಲ್ಲಿ ಇನ್ನೊಂದು ಸಿಗಲಾರದು.

ಜೀವಂತ ಪ್ರಾಣಿಯನ್ನು ಇರಿಸಿದರೆ ಜನ ಬರುತ್ತಾರೆ ಎಂಬುದನ್ನು ಮದ್ರಾಸಿನ ಆಡಳಿತ ಬಹಳ ಹಿಂದೆಯೇ ಕಂಡುಕೊಂಡಿತ್ತು. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಹೊಣೆ ಹೊತ್ತಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರ್, ಸತ್ತ ಪ್ರಾಣಿಗಳ ಮಾದರಿಗಳಿಗಿಂತ ಬದುಕಿರುವ ಪ್ರಾಣಿಗಳೇ ಜನರನ್ನು ಸೆಳೆಯುತ್ತವೆ ಎಂಬುದನ್ನು ಗಮನಿಸಿ, 1855ರಲ್ಲಿ ಅದೇ ಆವರಣದಲ್ಲಿ ಮೃಗಾಲಯವನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ ಪೀಪಲ್ಸ್ ಪಾರ್ಕಿಗೆ ಸ್ಥಳಾಂತರಗೊಂಡ ಆ ಮೃಗಾಲಯ 1985ರಲ್ಲಿ ವಂಡಲೂರಿಗೆ ಹೋಯಿತು. ಈ ದೀರ್ಘ ಅವಧಿಯಲ್ಲಿ ಹಾವುಗಳು ಮಾತ್ರ ಜನರ ಕಣ್ಣಿಗೆ ಬೀಳುತ್ತಿದ್ದುದು ಬೇರೆಯೇ ಕಡೆ, ಬೀದಿಯ ಹಾವಾಡಿಗನ ಬುಟ್ಟಿಯಲ್ಲಿ. ಹಲ್ಲು ಕಿತ್ತ, ಬಾಯಿ ಹೊಲಿದ, ನಾಗರಪಂಚಮಿಗೆ ಮುನ್ನ ದಿನಗಟ್ಟಲೆ ನೀರಿಲ್ಲದೆ ಇರಿಸಿದ್ದರಿಂದಲೇ ಮುಂದಿಟ್ಟ ಹಾಲಿಗೆ ಬಾಯಿ ಹಾಕುವ ಹಾವು ಅದು. ಭಕ್ತಿಯ ಹೆಸರಿನಲ್ಲಿ ನಡೆದ ಈ ಹಿಂಸೆಯನ್ನು ಹಿಂಸೆಯೆಂದು ಗುರುತಿಸಲು ಕನ್ನಡ ನಾಡೂ ತಮಿಳುನಾಡೂ ಬಹಳ ಕಾಲ ತೆಗೆದುಕೊಂಡವು.

ಕಣ್ಣಿಗೆ ಕಾಣದಂತೆ ನಡೆಯುತ್ತಿದ್ದುದು ಇದಕ್ಕಿಂತ ದೊಡ್ಡದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮದ್ರಾಸು ಹಾವಿನ ಚರ್ಮ ಹದಮಾಡುವ ಉದ್ಯಮದ ಪ್ರಮುಖ ಕೇಂದ್ರಗಳಲ್ಲೊಂದಾಗಿತ್ತು. ವಿದೇಶದ ಕೈಚೀಲ, ಬೆಲ್ಟ್, ಪಾದರಕ್ಷೆಗಳಿಗಾಗಿ ಕೇರೆಹಾವು, ನಾಗರ, ಹೆಬ್ಬಾವುಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸತ್ತವು. ಅವುಗಳನ್ನು ಹಿಡಿದು ತರುತ್ತಿದ್ದವರಲ್ಲಿ ಮುಖ್ಯರು ಇರುಳರು. ನೆಲದ ಮೇಲಿನ ಮಸುಕಾದ ಗೆರೆ, ಬಿಲದ ಬಾಯಿಯ ನಯವಾದ ಮಣ್ಣು, ಅಲ್ಲೇ ಬಿದ್ದಿರುವ ಹಿಕ್ಕೆ, ಇವನ್ನು ನೋಡಿ ಒಳಗಿರುವುದು ಯಾವ ಹಾವು ಎಂದು ಹೇಳಬಲ್ಲ ಈ ಜನರಿಗೆ ಒಂದು ಚರ್ಮಕ್ಕೆ ಸಿಗುತ್ತಿದ್ದುದು ಪುಡಿಗಾಸು. ಲಾಭವೆಲ್ಲ ಮಧ್ಯವರ್ತಿಗೂ ರಫ್ತುದಾರನಿಗೂ ಸೇರುತ್ತಿತ್ತು. ಪ್ರಾಣಿಯ ಶೋಷಣೆಯೂ ಮನುಷ್ಯನ ಶೋಷಣೆಯೂ ಒಂದೇ ವಹಿವಾಟಿನಲ್ಲಿ ನಡೆದವು ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಈ ಕಥೆಗೆ ತಿರುವು ಕೊಟ್ಟವರು ರಾಮ್ಯುಲಸ್ ವಿಟೇಕರ್. 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಭಾರತಕ್ಕೆ ಬಂದ ಇವರ ಮಲತಂದೆ ರಾಮ ಚಟ್ಟೋಪಾಧ್ಯಾಯರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ. 1960ರ ದಶಕದಲ್ಲಿ ಅಮೆರಿಕಕ್ಕೆ ಮರಳಿದ್ದಾಗ ವಿಟೇಕರ್ ಕೆಲಸ ಕಲಿತದ್ದು ಬಿಲ್ ಹಾಸ್ಟ್ ಎಂಬವರ ಮಯಾಮಿ ಸರ್ಪೆಂಟೇರಿಯಮ್ಮಿನಲ್ಲಿ. ಸರ್ಪೆಂಟೇರಿಯಮ್ ಎಂದರೆ ಹಾವುಗಳನ್ನು ಸಾಕಿ ವಿಷ ಸಂಗ್ರಹಿಸುವ ಕೇಂದ್ರ. ಹಾಸ್ಟ್ ಪ್ರೇಕ್ಷಕರ ಮುಂದೆ ಬರಿಗೈಯಲ್ಲಿ ಹಾವು ಹಿಡಿದು ವಿಷ ತೆಗೆದು ತೋರಿಸುತ್ತಿದ್ದರು. ಟಿಕೆಟ್ಟಿನ ಹಣದಿಂದಲೇ ಸಂಶೋಧನೆ ನಡೆಯುತ್ತಿತ್ತು. ಇಂಥ ಏರ್ಪಾಡು ಅದಕ್ಕೂ ಹಳೆಯದು: ಬ್ರೆಜಿಲ್ಲಿನ ಸಾವೊ ಪಾಲೊದಲ್ಲಿ 1901ರಲ್ಲಿ ಸ್ಥಾಪನೆಯಾದ ಬುಟಾಂಟಾನ್ ಸಂಸ್ಥೆಯೂ 1923ರಲ್ಲಿ ಆರಂಭವಾದ ಬ್ಯಾಂಕಾಕಿನ ಹಾವಿನ ಕೇಂದ್ರವೂ ಔಷಧ ತಯಾರಿಕೆಯ ಜೊತೆಗೇ ಪ್ರವಾಸಿ ತಾಣಗಳಾದವು. ಆದರೆ ಮಯಾಮಿಯ ಕೊನೆ ಒಳ್ಳೆಯದಾಗಿರಲಿಲ್ಲ. 1977ರಲ್ಲಿ ಆರು ವರ್ಷದ ಬಾಲಕನೊಬ್ಬ ಅಲ್ಲಿಯ ಮೊಸಳೆ ಗುಂಡಿಗೆ ಬಿದ್ದು ಸತ್ತನು, ಹಾಸ್ಟ್ ಆ ಮೊಸಳೆಯನ್ನು ಗುಂಡಿಟ್ಟು ಕೊಂದರು, 1984ರಲ್ಲಿ ಕೇಂದ್ರವೇ ಮುಚ್ಚಿತು. ಪ್ರದರ್ಶನಕ್ಕಾಗಿ ತಂದಿಟ್ಟ ಪ್ರಾಣಿ ತನ್ನ ಸ್ವಭಾವದಂತೆ ನಡೆದುಕೊಂಡದ್ದಕ್ಕೆ ಜೀವ ತೆತ್ತಿತು.

ಭಾರತಕ್ಕೆ ಹಿಂತಿರುಗಿದ ವಿಟೇಕರ್, ಮೊದಲು ಸೇಲೈಯೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಸಿದ ಹಾವಿನ ಉದ್ಯಾನವನ್ನು 1972ರಲ್ಲಿ ಗಿಂಡಿಗೆ ತಂದರು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಷೇಧವಾಯಿತು. ಹಾವುಗಳಿಗೆ ಇದು ಜೀವದಾನವಾಯಿತಾದರೂ ಇರುಳರ ಒಲೆ ಆರಿತು. ಅವರನ್ನು ಗುರುಗಳೆಂದೇ ನಂಬಿದ್ದ ವಿಟೇಕರ್ ಮತ್ತು ಸಂಗಡಿಗರು, ಕೊಂದು ತರುತ್ತಿದ್ದ ಹಾವನ್ನೇ ಜೀವಂತವಾಗಿ ತಂದು, ವಿಷ ತೆಗೆದು, ಮರಳಿ ಕಾಡಿಗೆ ಬಿಡುವ ದಾರಿಯನ್ನು ಸೂಚಿಸಿದರು. ಕಾಯ್ದೆಯ 12ನೆಯ ಕಲಮು ಜೀವರಕ್ಷಕ ಔಷಧದ ತಯಾರಿಕೆಗಾಗಿ ಹಾವಿನ ವಿಷ ಸಂಗ್ರಹಿಸಲು ಅನುಮತಿ ಕೊಡುವ ಅವಕಾಶವನ್ನು ಒಳಗೊಂಡಿದೆ. 1978ರಲ್ಲಿ ಇರುಳ ಹಾವು ಹಿಡಿಯುವವರ ಕೈಗಾರಿಕಾ ಸಹಕಾರ ಸಂಘ ನೋಂದಣಿಯಾಯಿತು. ಅಷ್ಟರಲ್ಲಿ ವಡನೆಮ್ಮೇಲಿಯಲ್ಲಿ ಸ್ಥಾಪನೆಯಾಗಿದ್ದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನ ಆವರಣದಲ್ಲಿ ಅದರ ಕೆಲಸ ಬೇರೂರಿತು.

ಅಲ್ಲಿಯ ಕಾರ್ಯವಿಧಾನವನ್ನು ಹತ್ತಿರದಿಂದ ನೋಡುವುದು ಅಗತ್ಯ. ಭಾರತದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ನಾಲ್ಕು ಹಾವುಗಳನ್ನು, ಅಂದರೆ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳನ್ನು, ಅರಣ್ಯ ಇಲಾಖೆ ನಿಗದಿಪಡಿಸಿದ ಸಂಖ್ಯೆಯ ಮಿತಿಯೊಳಗೆ ಹಿಡಿದು ತರಲಾಗುತ್ತದೆ. ಬಾಯಿಗೆ ಬಟ್ಟೆ ಬಿಗಿದ ಮಣ್ಣಿನ ಮಡಕೆಗಳು ಅವುಗಳ ತಾತ್ಕಾಲಿಕ ಮನೆ. ತಂಪಾಗಿಯೂ ಕತ್ತಲಾಗಿಯೂ ಇರುವುದರಿಂದ ಹಾವಿಗೆ ಅದು ಬಿಲದಂತೆಯೇ ಒಗ್ಗುತ್ತದೆ. ಮೂರು ನಾಲ್ಕು ವಾರಗಳ ಅವಧಿಯಲ್ಲಿ ಕೆಲವು ಬಾರಿ ಮಾತ್ರ ಹಾವಿನ ತಲೆ ಹಿಡಿದು, ತೆಳುಪೊರೆ ಬಿಗಿದ ಪಾತ್ರೆಯ ಅಂಚನ್ನು ಕಚ್ಚಿಸಿದಾಗ ಹಳದಿ ಬಣ್ಣದ ಹನಿಗಳು ಕೆಳಗಿಳಿಯುತ್ತವೆ. ಬಳಿಕ ಹೊಟ್ಟೆಯ ಹುರುಪೆಯ ಅಂಚನ್ನು ಕತ್ತರಿಸಿ ಗುರುತು ಮಾಡಿ ಹಾವನ್ನು ಬಿಡುತ್ತಾರೆ. ಅದೇ ಹಾವು ಮತ್ತೆ ಬೇಗನೆ ಕೈಗೆ ಸಿಕ್ಕರೆ ಗುರುತು ಅದನ್ನು ಕಾಯುತ್ತದೆ. ಒಣಗಿಸಿದ ವಿಷ ಔಷಧ ಕಂಪನಿಗಳಿಗೆ ಹೋಗುತ್ತದೆ, ಮತ್ತು ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ದೊಡ್ಡ ಪಾಲು ದಶಕಗಳಿಂದ ಈ ಒಂದು ಸಂಘದಿಂದಲೇ ಪೂರೈಕೆಯಾಗಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತಕ್ಕೆ ಸುಮಾರು 12 ಲಕ್ಷ ಜನ ಬಲಿಯಾದರೆಂಬ ಅಂದಾಜನ್ನು ಎದುರಿಗಿಟ್ಟುಕೊಂಡರೆ ಆ ಹನಿಗಳ ಬೆಲೆ ತಿಳಿಯುತ್ತದೆ.

ಹಾಗಿದ್ದರೆ ಆಕ್ಷೇಪಕ್ಕೆ ಎಡೆಯೆಲ್ಲಿದೆ? ಹಾವಾಡಿಗನ ಬುಟ್ಟಿಗೂ ಇರುಳರ ಮಡಕೆಗೂ ಇರುವ ಅಂತರ ನಿಜವಾದುದು. ಮೊದಲನೆಯದರಲ್ಲಿ ಹಾವಿಗೆ ಹಿಂತಿರುಗುವ ದಾರಿಯಿಲ್ಲ, ಎರಡನೆಯದರಲ್ಲಿ ಅದು ನಿಯಮದ ಭಾಗ. ಆದರೂ ಕಾಡಿನ ಜೀವಿಯನ್ನು ವಾರಗಟ್ಟಲೆ ಸೆರೆಯಲ್ಲಿಡುವುದು, ಮತ್ತೆಮತ್ತೆ ಕುತ್ತಿಗೆ ಹಿಡಿದು ಒತ್ತುವುದು, ಪರಿಚಿತ ನೆಲೆಯಿಂದ ದೂರದಲ್ಲಿ ಬಿಡುವ ಸಂಭವವಿರುವುದು, ಇವು ಹಾವಿನ ಮೇಲೆ ಹೇರಿದ ಕಷ್ಟಗಳೇ. ಈ ಕಷ್ಟಕ್ಕೆ ಸಮರ್ಥನೆಯಿರುವುದು ಔಷಧದಲ್ಲಿ ಮಾತ್ರ. ಪ್ರೇಕ್ಷಕನ ರೋಮಾಂಚನದಲ್ಲಿ ಅಲ್ಲ. ಹೊರಗೆ ಜನ ಕಾದಿದ್ದಾರೆ ಎಂಬ ಕಾರಣಕ್ಕೆ ಒಂದೇ ಒಂದು ಹಾವನ್ನು ಹೆಚ್ಚಾಗಿ ಹೊರತೆಗೆದರೂ ಆ ಕ್ಷಣ ಅದು ಹಾವಾಡಿಗನ ಆಟವಾಗುತ್ತದೆ. ಟಿಕೆಟ್ಟಿನ ಹಣ ಇರುಳರ ಸಂಘದ ಬದುಕಿಗೆ ಆಧಾರ ಎಂಬುದೂ ಅಷ್ಟೇ ಸತ್ಯವಾದ್ದರಿಂದ ಈ ಗೆರೆಯನ್ನು ಕಾಯುವುದು ಸುಲಭವಲ್ಲ, ಆದ್ದರಿಂದಲೇ ಅದನ್ನು ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲೇ ಸ್ಪಷ್ಟವಾಗಿ ಬರೆದಿಡಬೇಕು.

ಪ್ರೇಕ್ಷಕನ ಕಣ್ಣಿಗೆ ಬೀಳದ ಇನ್ನೊಂದು ಪ್ರಾಣಿಯೂ ಇಲ್ಲಿದೆ. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಲ್ಲಿ. ಅಲ್ಪಪ್ರಮಾಣದ ವಿಷವನ್ನು ಕುದುರೆಗೆ ಹಂತಹಂತವಾಗಿ ಚುಚ್ಚಿ, ಅದರ ದೇಹದಲ್ಲಿ ವಿಷವನ್ನು ಎದುರಿಸುವ ಪ್ರೋಟೀನುಗಳು ಉಂಟಾದ ಮೇಲೆ ರಕ್ತ ತೆಗೆದು, ಅದರ ದ್ರವಭಾಗವನ್ನು ಶುದ್ಧೀಕರಿಸಿ ಔಷಧ ಮಾಡುತ್ತಾರೆ. ಹಾವಿನ ಬಗೆಗೆ ಮರುಗುವ ಪ್ರವಾಸಿ ಈ ಕುದುರೆಯ ಬಗೆಗೆ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಗ್ಯಾಲರಿಯಿಲ್ಲ. ಪ್ರದರ್ಶನದ ಅತಿ ದೊಡ್ಡ ದೋಷ ಇದು: ಕಣ್ಣಿಗೆ ಬಿದ್ದ ಪ್ರಾಣಿಗೆ ಮಾತ್ರ ಅದು ಕರುಣೆಯನ್ನು ಹಂಚುತ್ತದೆ.

ಕ್ರೊಕೊಡೈಲ್ ಬ್ಯಾಂಕಿನ ಮೊಸಳೆಗಳ ಕಥೆ ಇದೇ ಆವರಣದ ಇನ್ನೊಂದು ಪಾಠ. ಅಳಿವಿನಂಚಿಗೆ ಬಂದಿದ್ದ ಮೊಸಳೆಗಳನ್ನು ಬೆಳೆಸಿ ನದಿಗಳಿಗೆ ಬಿಡುವ ಉದ್ದೇಶದಿಂದ 1976ರಲ್ಲಿ ಆರಂಭವಾದ ಈ ಸಂಸ್ಥೆ ಸಂತಾನವೃದ್ಧಿಯಲ್ಲಿ ನಿರೀಕ್ಷೆ ಮೀರಿ ಯಶಸ್ವಿಯಾಯಿತು. ಆದರೆ ಬಿಡಲು ನದಿಗಳಲ್ಲಿ ಜಾಗ ಸಾಲದೆ 1990ರ ದಶಕದಲ್ಲಿ ಬಿಡುಗಡೆ ನಿಂತುಹೋಯಿತು, ಸಾವಿರಾರು ಮೊಸಳೆಗಳು ಕೊಳಗಳಲ್ಲಿ ಒಂದರ ಮೇಲೊಂದು ಮಲಗಿದವು. ಕೊನೆಗೆ ಸುಮಾರು 1000 ಮೊಸಳೆಗಳನ್ನು ಗುಜರಾತಿನ ಜಾಮನಗರದ ಖಾಸಗಿ ಮೃಗಾಲಯಕ್ಕೆ ಕಳುಹಿಸುವ ನಿರ್ಧಾರವಾದಾಗ ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2022ರಲ್ಲಿ ವಜಾ ಮಾಡಿತು. ಸಂರಕ್ಷಣೆಗೆಂದು ಹುಟ್ಟಿಸಿದ ಪ್ರಾಣಿ ಒಂದು ಸೆರೆಯಿಂದ ಮತ್ತೊಂದು ಸೆರೆಗೆ ಹೋಗಬೇಕಾದುದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ನೆಲೆಯನ್ನು ಉಳಿಸದೆ ಜೀವಿಯನ್ನು ಮಾತ್ರ ಉಳಿಸಲು ಹೊರಟದ್ದು ಕಾರಣ.

ನೆಲೆಯ ಈ ಮಾತು ಎಣ್ಣೂರಿನಲ್ಲಿ ಇನ್ನೂ ಕಠಿಣವಾಗಿ ಎದುರಾಗುತ್ತದೆ. ಚಳಿಗಾಲದಲ್ಲಿ ರಾಜಹಂಸಗಳನ್ನು ನೋಡಲು ಎಣ್ಣೂರು ಮತ್ತು ಪುಲಿಕಾಟ್‌ಗೆ ನಗರದ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಚಿತ್ರಕ್ಕಾಗಿ ದೋಣಿಯನ್ನು ಹತ್ತಿರಕ್ಕೆ ಒಯ್ದಾಗ ಗುಂಪು ಹಾರುತ್ತದೆ, ತಿನ್ನುವ ಹೊತ್ತು ಕಳೆದುಕೊಳ್ಳುತ್ತದೆ. ಅದು ತಪ್ಪೇ, ಆದರೆ ಸಣ್ಣ ತಪ್ಪು. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ದಶಕಗಳಿಂದ ಈ ಹಿನ್ನೀರಿನ ತಳದಲ್ಲಿ ಕುಳಿತಿದೆ. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ಕೈಗಾರಿಕಾ ಪ್ರದೇಶದ ಕಡೆಯಿಂದ ಹರಿದುಬಂದ ತೈಲ ಹಿನ್ನೀರನ್ನು ಆವರಿಸಿದಾಗ ಹೆಜ್ಜಾರ್ಲೆಗಳ ಬಿಳಿ ಗರಿ ಕಪ್ಪಾಯಿತು, ಆ ಚಿತ್ರಗಳು ದೇಶದಾದ್ಯಂತ ಹರಡಿದವು. ಅದೇ ನೀರಿನಲ್ಲಿ ಸೀಗಡಿಯನ್ನು ಕೈಯಿಂದ ಹಿಡಿದು ಬದುಕುವವರ ಚರ್ಮಕ್ಕೂ ಅದೇ ತೈಲ ಅಂಟಿತು. ಹಾವು ಹಿಡಿಯುವ ಇರುಳರಿಗೆ ಸಹಕಾರ ಸಂಘವೂ ಪ್ರೇಕ್ಷಕರೂ ಇದ್ದಾರೆ, ಅವರಲ್ಲಿ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬ ಇಬ್ಬರಿಗೆ 2023ರಲ್ಲಿ ಪದ್ಮಶ್ರೀಯೂ ಬಂದಿತು. ಎಣ್ಣೂರಿನ ಇರುಳರ ಸೀಗಡಿಗೆ ಟಿಕೆಟ್ಟಿಲ್ಲ, ಆದ್ದರಿಂದ ಅದರ ನೆಲೆಯನ್ನು ಕಾಯುವ ಸಂಸ್ಥೆಯೂ ಹುಟ್ಟಲಿಲ್ಲ.

ಈ ಚರಿತ್ರೆ ಈಗ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ 2019ರಿಂದ ಈಚೆಗೆ ಪ್ರಕಟಿಸಿದ ಅಧ್ಯಯನಗಳು, ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಹೀಗಾಗಿ ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾದ ಪ್ರತಿವಿಷ ಬೇರೆಡೆ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು ಎಂಬುದನ್ನು ತೋರಿಸಿವೆ. ಮಲೆನಾಡಿನ ಗುಳಿಮಂಡಲಗಳ ಕಡಿತಕ್ಕಂತೂ ಸದ್ಯದ ಪ್ರತಿವಿಷದಿಂದ ಪ್ರಯೋಜನವಿಲ್ಲ. ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರ ಫೆಬ್ರುವರಿಯಲ್ಲಿ ಆದೇಶಿಸಿದ ಕರ್ನಾಟಕಕ್ಕೆ ತನ್ನದೇ ನೆಲದ ವಿಷ ಸಂಗ್ರಹಿಸುವ ಕೇಂದ್ರಗಳು ಬೇಕಾಗುತ್ತವೆ. ಹಾವು ರಕ್ಷಣೆಯ ಹೆಸರಿನಲ್ಲಿ ಕಾಳಿಂಗ ಸರ್ಪದ ಹೆಡೆಗೆ ಮುತ್ತಿಡುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಈ ಕಾಲದಲ್ಲಿ ಅಂಥ ಕೇಂದ್ರಗಳಿಗೆ ಪ್ರೇಕ್ಷಕರ ಮೆಟ್ಟಿಲು ಕಟ್ಟಬೇಕೆಂಬ ಒತ್ತಡ ಬಂದೇ ಬರುತ್ತದೆ. ಅದನ್ನು ಕಟ್ಟಕೂಡದು. ಕೇಂದ್ರದ ಖರ್ಚನ್ನು ಆರೋಗ್ಯ ಇಲಾಖೆಯೇ ಹೊರಬೇಕು, ವಿಷಕ್ಕೆ ನ್ಯಾಯವಾದ ಬೆಲೆ ಗೊತ್ತುಮಾಡಬೇಕು, ಮತ್ತು ಹಾವನ್ನು ಹಿಡಿಯುವ, ಸಾಕುವ, ಮರಳಿ ಬಿಡುವ ಕೆಲಸವನ್ನು ಅದನ್ನು ಬಲ್ಲ ಇರುಳಿಗರಂಥ ಸಮುದಾಯಗಳಿಗೆ ಪಿಂಚಣಿಯೂ ವಿಮೆಯೂ ಇರುವ ಕಾಯಂ ಉದ್ಯೋಗವಾಗಿ ಕೊಡಬೇಕು.