ಗ್ರಾಮೀಣ ಪ್ರವಾಸ ಮತ್ತು ಆತಿಥ್ಯವಿದ್ಯೆಯ ಬೋಧನೆ

ಸಂಸ್ಕೃತದ ‘ಅತಿಥಿ’ ಶಬ್ದಕ್ಕೆ ಎರಡು ಬಗೆಯ ನಿಷ್ಪತ್ತಿಯನ್ನು ಹೇಳುವುದುಂಟು. ತಿಥಿಯನ್ನು ಗೊತ್ತುಪಡಿಸದೆ ಬರುವವನು ಎಂಬುದು ಲೋಕಪ್ರಸಿದ್ಧವಾದದ್ದು. ಸತತ ಗಮನವನ್ನು ಹೇಳುವ ‘ಅತ್’ ಧಾತುವಿಗೆ ‘ಇಥಿನ್’ ಪ್ರತ್ಯಯ ಸೇರಿ ಸಿದ್ಧವಾದ ರೂಪ, ಆದುದರಿಂದ ಸಂಚಾರಿ ಎಂದರ್ಥ ಎಂಬುದು ಉಣಾದಿಸೂತ್ರಗಳ ಮತ. ಕನ್ನಡದ ಹಳೆಯ ಮಾತು ಇದಕ್ಕಿಂತ ಸ್ವಾರಸ್ಯವಾಗಿದೆ. ಹಳಗನ್ನಡದಲ್ಲಿ ‘ಬಿರ್ದು’ ಎಂದರೆ ಔತಣ. ‘ಬಿದ್ದಿನ’ ಎಂದರೆ ಔತಣವೂ ಹೌದು, ಅದನ್ನು ಉಣ್ಣಲು ಬಂದವನೂ ಹೌದು. ತಮಿಳಿನ ‘ವಿರುಂದು’ ಎಂಬುದಕ್ಕೂ ಈ ಎರಡರ್ಥಗಳಿವೆ. ಉಣ್ಣುವವನಿಗೂ ಊಟಕ್ಕೂ ಒಂದೇ ಹೆಸರಿಟ್ಟ ಜನ ಇಬ್ಬರನ್ನೂ ಬೇರೆಯಾಗಿ ಎಣಿಸಲಿಲ್ಲವೆಂದೇ ತೋರುತ್ತದೆ. ಇಂದಿನ ಪ್ರವಾಸಿಯಾದರೋ ತಿಥಿ, ವಾರ, ಗಳಿಗೆಗಳನ್ನು ಗೊತ್ತುಪಡಿಸಿಕೊಂಡು, ಕೋಣೆಯ ಬಾಡಿಗೆಯನ್ನು ಮುಂಗಡವಾಗಿ ತೆತ್ತು ಬರುವವನು. ಅವನನ್ನು ಹಳ್ಳಿಯ ಮನೆಯೊಂದು ಬರಮಾಡಿಕೊಳ್ಳುವಾಗ ಹಳೆಯ ಧರ್ಮವೂ ಹೊಸ ವ್ಯವಹಾರವೂ ಒಂದೇ ಹೊಸ್ತಿಲ ಮೇಲೆ ಕೂಡುತ್ತವೆ. ಆತಿಥ್ಯವನ್ನು ವಿದ್ಯೆಯಾಗಿ ಕಲಿಯುವ ಕಾಲೇಜು ವಿದ್ಯಾರ್ಥಿಗೆ ಮೊದಲು ತಿಳಿಸಬೇಕಾದುದು ಈ ಕೂಡುವಿಕೆಯ ತೊಡಕನ್ನು.

ನಮ್ಮ ದೇಶದಲ್ಲಿ ಹೋಟೆಲ್ ನಿರ್ವಹಣೆಯ ಶಿಕ್ಷಣ ಹೊಸತೇನಲ್ಲ. ಮುಂಬಯಿಯ ಸಂಸ್ಥೆ ಪ್ರಾರಂಭವಾದದ್ದು 1954ರಲ್ಲಿ. ಇಂತಹ ಸಂಸ್ಥೆಗಳ ಪಠ್ಯಕ್ರಮವನ್ನೂ ಪರೀಕ್ಷೆಗಳನ್ನೂ ಏಕರೂಪಗೊಳಿಸಲು ಕೇಂದ್ರ ಸರ್ಕಾರ ರಾಷ್ಟ್ರೀಯ ಮಂಡಳಿಯೊಂದನ್ನು ಸ್ಥಾಪಿಸಿದ್ದು 1982ರಲ್ಲಿ. ಅಡುಗೆ, ಬಡಿಸುವ ಕ್ರಮ, ಕೋಣೆಗಳ ನಿರ್ವಹಣೆ, ಬಂದವರನ್ನು ಎದುರುಗೊಳ್ಳುವ ಫ್ರಂಟ್ ಆಫೀಸು ಎಂಬ ನಾಲ್ಕು ಕಂಬಗಳ ಮೇಲೆ ಈ ಶಾಸ್ತ್ರ ನಿಂತಿದೆ. ಕಂಬಗಳು ಗಟ್ಟಿಯಾಗಿಯೇ ಇವೆ. ಆದರೆ ಇವೆಲ್ಲವೂ ಅತಿಥಿಗಾಗಿಯೇ ಕಟ್ಟಿದ ಕಟ್ಟಡವೊಂದನ್ನು ಊಹಿಸಿಕೊಂಡಿವೆ. ಹೋಟೆಲಿನಲ್ಲಿ ತಂಗುವವನೂ ಮನೆ ಬಿಟ್ಟು ಬಂದವನು, ಅವನಿಗೆ ಬಡಿಸುವವನೂ ಮನೆ ಬಿಟ್ಟು ಬಂದವನು. ಅಲ್ಲಿ ಯಾರೂ ತಮ್ಮ ಮನೆಯಲ್ಲಿಲ್ಲ. ಹಳ್ಳಿಯ ಮನೆಯಲ್ಲಿ ಹಾಗಲ್ಲ. ಅದು ಮಕ್ಕಳು ಓದುವ, ಮುದುಕರು ಮಲಗುವ, ಹಿತ್ತಲಲ್ಲಿ ಎಮ್ಮೆ ಕಟ್ಟುವ ಮನೆ. ಅತಿಥಿ ಅಲ್ಲಿ ನಡುವೆ ಬಂದು ಸೇರುವವನು.

ಗ್ರಾಮೀಣ ಪ್ರವಾಸವು ಸರ್ಕಾರದ ಕಾರ್ಯಕ್ರಮವಾಗಿ ಬೆಳೆದದ್ದು 2002ರ ರಾಷ್ಟ್ರೀಯ ಪ್ರವಾಸೋದ್ಯಮ ನೀತಿಯ ತರುವಾಯ. 2003ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ದೇಶದ 30ಕ್ಕೂ ಹೆಚ್ಚು ಗ್ರಾಮಗಳನ್ನು ಆರಿಸಿ ಪ್ರಯೋಗ ನಡೆಸಲಾಯಿತು. ಕರ್ನಾಟಕದಿಂದ ಸೇರಿದ್ದವು ಕದಂಬರ ಬನವಾಸಿ ಮತ್ತು ತುಂಗಭದ್ರೆಯ ದಡದ ಆನೆಗೊಂದಿ. ಪಾಠಕ್ಕೆ ಉದಾಹರಣೆಯಾಗಿ ಆನೆಗೊಂದಿಯಷ್ಟು ತಕ್ಕ ಊರು ಮತ್ತೊಂದು ಸಿಗುವುದು ಕಷ್ಟ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದ ಈ ಗ್ರಾಮ ನದಿಯ ಉತ್ತರ ದಡದಲ್ಲಿದೆ. ಎದುರು ದಡದಲ್ಲಿ, ಈಗಿನ ವಿಜಯನಗರ ಜಿಲ್ಲೆಯಲ್ಲಿ, ಹಂಪಿ. ಗಗನಮಹಲು, ರಂಗನಾಥನ ಗುಡಿ, ನದಿಯ ನಡುಗಡ್ಡೆಯಲ್ಲಿ ನವವೃಂದಾವನ, ಸಮೀಪದಲ್ಲೇ ಪಂಪಾ ಸರೋವರ, ಅಂಜನಾದ್ರಿ ಇವೆ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿಯೂ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಒಳಪಟ್ಟಿದೆ. 1997ರಲ್ಲಿ ಪ್ರಾರಂಭವಾದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆ ಇಲ್ಲಿಯ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೈಕೆಲಸವನ್ನು ಕಲಿಸಿತು. ಊರಿನ ಹಳೆಯ ಮನೆಗಳನ್ನು ಕೆಡವದೆ ದುರಸ್ತಿಗೊಳಿಸಿ ಪ್ರವಾಸಿಗಳಿಗೆ ತಂಗುಮನೆಗಳನ್ನಾಗಿ ಮಾಡುವ ದಾರಿಯನ್ನು ತೋರಿಸಿತು. ಗೊನೆ ಕಡಿದ ಬಳಿಕ ಹೊಲದಲ್ಲಿ ಕೊಳೆಯುತ್ತಿದ್ದ ಬಾಳೆಯ ದಿಂಡು ಚೀಲ, ಚಾಪೆ, ಬುಟ್ಟಿಗಳಾಯಿತು.

ಇದೇ ಪರಿಸರದಲ್ಲಿ ಇದಕ್ಕೆ ವಿಪರೀತವಾದ ಕಥೆಗಳೂ ಇವೆ. ಅವುಗಳನ್ನು ವಿದ್ಯಾರ್ಥಿಗಳಿಂದ ಮರೆಮಾಚುವುದು ಸಲ್ಲದು. ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಖಾನಾವಳಿ, ವಸತಿಗಳನ್ನು ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈ ತಿಂಗಳಲ್ಲಿ ತೆರವುಗೊಳಿಸಲಾಯಿತು. ನದಿಯಾಚೆಯ ವಿರೂಪಾಪುರಗಡ್ಡೆಯಲ್ಲಿ ಗದ್ದೆಗಳ ನಡುವೆ ಎದ್ದಿದ್ದ ರೆಸಾರ್ಟುಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2020ರ ಫೆಬ್ರವರಿಯಲ್ಲಿ ತೀರ್ಪು ಬಂದು, ಮಾರ್ಚ್ ತಿಂಗಳಲ್ಲಿ ಅವು ನೆಲಸಮವಾದವು. ಪ್ರವಾಸಿಗಳು ಬಂದರು, ಹಣ ಬಂತು, ಹಣದ ಬೆನ್ನಿಗೆ ಕಟ್ಟಡ ಬಂತು. ಕಡೆಗೆ ಕಟ್ಟಡವೂ ಉಳಿಯಲಿಲ್ಲ, ಅದನ್ನು ನಂಬಿ ದುಡಿಯುತ್ತಿದ್ದವರ ಅನ್ನವೂ ಉಳಿಯಲಿಲ್ಲ. ನಾಳೆ ಇಂತಹ ವಸತಿಗಳಿಗೆ ವ್ಯವಸ್ಥಾಪಕರಾಗುವವರು ಇಂದಿನ ವಿದ್ಯಾರ್ಥಿಗಳೇ. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು, ಯಾರ ಅಪ್ಪಣೆ ಬೇಕು ಎಂಬುದು ಅವರ ಪಠ್ಯದಲ್ಲಿ ಸೂಪು ಬಡಿಸುವ ಕ್ರಮಕ್ಕಿಂತ ಕೆಳಗಿನ ಸ್ಥಾನ ಪಡೆಯಬಾರದು.

ಹಾಗಾದರೆ ಕಲಿಸುವ ಬಗೆ ಯಾವುದು? ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದೆಂದರೆ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಹಳ್ಳಿಗೆ ಕರೆದೊಯ್ದು, ಗ್ರಾಮಸ್ಥರಿಗೆ ‘ತರಬೇತಿ’ ಕೊಡಿಸಿ, ಸಂಜೆಗೆ ಹಿಂದಿರುಗಿಸುವುದು. ಕೈವಸ್ತ್ರವನ್ನು ಕಮಲದಾಕಾರಕ್ಕೆ ಮಡಿಸುವುದನ್ನು ಜೋಳದ ಹೊಲಕ್ಕೆ ಹೊರಟುನಿಂತ ಗೃಹಿಣಿಗೆ ಕಲಿಸಿ ಆಗುವ ಪ್ರಯೋಜನವೇನೋ ದೇವರೇ ಬಲ್ಲ. ಕ್ರಮ ಇದಕ್ಕೆ ತಿರುಗಾಗಿರಬೇಕು. ವಿದ್ಯಾರ್ಥಿ ಮೊದಲು ಅತಿಥಿಯಾಗಿ ಹೋಗಬೇಕು. ಇಬ್ಬರು ಮೂವರಂತೆ ಒಂದೊಂದು ಮನೆಯಲ್ಲಿ ನಾಲ್ಕಾರು ದಿನ, ಸಲ್ಲತಕ್ಕ ಹಣವನ್ನು ಕೊಟ್ಟು ಇರಬೇಕು. ಉಣ್ಣದವನಿಗೆ ಬಡಿಸುವ ಕಷ್ಟ ತಿಳಿಯದು.

ಹಾಗೆ ಹೋದವನು ಬಾಗಿಲಲ್ಲೇ ಕಲಿಯತೊಡಗುತ್ತಾನೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಬಳಿಕ ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ. ಹೆಸರು, ಊರು, ಕೆಲಸ ಎಲ್ಲವೂ ಅನಂತರ. ಹೋಟೆಲಿನ ಮೇಜಿನ ಮುಂದೆ ಮೊದಲು ಹೆಸರು, ವಿಳಾಸ, ಗುರುತಿನ ಚೀಟಿ. ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದಲ್ಲ. ಗುರುತಿನ ಚೀಟಿಯನ್ನು ನೋಡುವುದು ಹಳ್ಳಿಯಲ್ಲೂ ಅವಶ್ಯವೇ. ಆದರೆ ನೀರು ಕೊಟ್ಟ ಮೇಲೆ ನೋಡಿದರೂ ಆಗುತ್ತದೆ ಎಂಬುದನ್ನು ವಿದ್ಯಾರ್ಥಿ ತಿಳಿಯಬೇಕು.

ಅಡುಗೆಮನೆಯ ಪಾಠ ಇನ್ನೂ ದೊಡ್ಡದು. ಜೋಳದ ರೊಟ್ಟಿಯನ್ನೇ ನೋಡಬಹುದು. ಗೋಧಿಯ ಹಿಟ್ಟನ್ನು ಹಿಡಿದಿಡುವ ಗ್ಲೂಟೆನ್ ಎಂಬ ಅಂಶ ಜೋಳದಲ್ಲಿಲ್ಲ; ಆದುದರಿಂದ ಕುದಿಯುವ ಎಸರನ್ನು ಹೊಯ್ದು, ಬಿಸಿಯಿರುವಾಗಲೇ ಅಂಗೈಯ ಬುಡದಿಂದ ನಾದಿ, ಬಡಿಯಬೇಕು. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ‘ಹಿಟ್ಟಿಗೆ ಜಿಗಿ ಇಲ್ಲ’ ಎನ್ನುತ್ತಾರೆ. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿಸಬೇಕು. ಗಾತ್ರವನ್ನು ಅಳೆಯುವ ತಕ್ಕಡಿಯಿಲ್ಲ, ಕಾಲವನ್ನು ಹೇಳುವ ಗಡಿಯಾರವಿಲ್ಲ. ಪಠ್ಯಪುಸ್ತಕದ ಪ್ರಮಾಣಬದ್ಧ ಪಾಕಸೂತ್ರ ಇಲ್ಲಿ ಕೈಗಳಲ್ಲಿದೆ. ಈ ರೊಟ್ಟಿ ಆರುವ ಮೊದಲೇ ತಟ್ಟೆಗೆ ಬರಬೇಕಾದುದರಿಂದ ಬಡಿಯುವವಳು ಎಲ್ಲರೂ ಉಂಡೇಳುವವರೆಗೆ ಒಲೆಯ ಮುಂದಿನಿಂದ ಏಳುವಂತಿಲ್ಲ. ಹತ್ತು ಮಂದಿ ಪ್ರವಾಸಿಗಳು ಹೇಳದೆ ಕೇಳದೆ ರಾತ್ರಿ ಒಂಬತ್ತಕ್ಕೆ ಬಂದು ಬಿಸಿ ರೊಟ್ಟಿ, ಎಣ್ಣೆಗಾಯಿ ಕೇಳಿದರೆ ಅದರ ಭಾರ ಯಾರ ಬೆನ್ನಿನ ಮೇಲೆ ಬೀಳುತ್ತದೆ ಎಂಬುದು ವಿದ್ಯಾರ್ಥಿಗೆ ಆ ಒಲೆಯ ಬಳಿ ಕುಳಿತಾಗಲೇ ಅರ್ಥವಾಗುವುದು. ಮುಂದೆ ಅವನೇ ದರಪಟ್ಟಿ ಬರೆಯುವಾಗ, ಇಷ್ಟು ಜನಕ್ಕೆ ಮಾತ್ರ, ಇಷ್ಟು ಹೊತ್ತಿನೊಳಗೆ, ಮುಂಚಿತವಾಗಿ ತಿಳಿಸಿದರೆ ಮಾತ್ರ ಎಂಬ ಮೂರು ಷರತ್ತುಗಳನ್ನು ತಾನಾಗಿಯೇ ಸೇರಿಸುವನು. ಉಳಿದ ದಿನಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಇದ್ದೇ ಇವೆ.

ಹಳ್ಳಿಯದೆಂದ ಮಾತ್ರಕ್ಕೆ ಎಲ್ಲವನ್ನೂ ಕೊಂಡಾಡುವುದೂ ತರವಲ್ಲ. ಕುಡಿಯುವ ನೀರು, ಶೌಚಾಲಯ, ಹಾಸಿಗೆ ಹೊದಿಕೆಗಳ ಶುಚಿತ್ವ ಇವುಗಳಲ್ಲಿ ಹೋಟೆಲಿನ ಶಾಸ್ತ್ರವೇ ಗುರು. ಇಲ್ಲಿ ವಿದ್ಯಾರ್ಥಿ ಸಂಕೋಚವಿಲ್ಲದೆ ಕಲಿಸಬೇಕು. ಕಾನೂನಿನ ಅರಿವೂ ಹಾಗೆಯೇ. ಕೇಂದ್ರ ಸರ್ಕಾರದ ತಂಗುಮನೆ ಯೋಜನೆಯಲ್ಲಿ ಕೋಣೆಗಳು 1ರಿಂದ 6ರವರೆಗೆ ಮಾತ್ರ ಇರಬೇಕು, ಮನೆಯ ಯಜಮಾನರು ಅದೇ ಮನೆಯಲ್ಲಿ ವಾಸವಾಗಿರಬೇಕು ಎಂಬ ನಿಯಮವಿದೆ. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವಿವರ ಸಲ್ಲಬೇಕು. ಇದನ್ನೆಲ್ಲ ಗೃಹಿಣಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ, ಅರ್ಜಿ ತುಂಬಿಕೊಡುವುದು ಕಮಲದಾಕಾರದ ಕೈವಸ್ತ್ರಕ್ಕಿಂತ ಎಷ್ಟೋ ಮೇಲಾದ ಸೇವೆ. 2025ರ ಮಾರ್ಚ್ ತಿಂಗಳಲ್ಲಿ ಆನೆಗೊಂದಿಗೆ ಹತ್ತಿರದ ಸಾಣಾಪುರದ ಬಳಿ ರಾತ್ರಿಯ ವೇಳೆ ಪ್ರವಾಸಿಗಳ ಮೇಲೆಯೂ ಅವರಿಗೆ ಆಶ್ರಯ ನೀಡಿದ್ದ ಮಹಿಳೆಯ ಮೇಲೆಯೂ ಘೋರ ಅಪರಾಧ ನಡೆದು, ಪ್ರವಾಸಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಆ ಬಳಿಕ ದಾರಿಯ ದೀಪ, ಪೊಲೀಸ್ ಠಾಣೆಯ ದೂರ, ರಾತ್ರಿ ಹೊರಗೆ ಹೋಗುವ ಅತಿಥಿಗೆ ಹೇಳಬೇಕಾದ ಎಚ್ಚರಿಕೆಯ ಮಾತು ಇವು ಆತಿಥ್ಯಶಾಸ್ತ್ರದ ಹೊರಗಿನವೆಂದು ಯಾರೂ ಹೇಳಲಾರರು.

ಹಣದ ವಿಚಾರವನ್ನು ಬೋಧಿಸಲು ಸರಳವಾದ ಅಭ್ಯಾಸವೊಂದಿದೆ. ಪ್ರವಾಸಿ ಒಂದು ದಿನಕ್ಕೆ 1000 ರೂಪಾಯಿ ಕೊಟ್ಟನೆಂದು ಇಟ್ಟುಕೊಂಡು, ಪ್ರತಿಯೊಂದು ರೂಪಾಯಿಯೂ ಯಾರ ಕೈ ಸೇರಿತೆಂದು ವಿದ್ಯಾರ್ಥಿ ಮನೆಮನೆಗೆ ಹೋಗಿ ವಿಚಾರಿಸಿ ಬರೆಯಲಿ. ಹಾಲು ಪಕ್ಕದ ಮನೆಯದು, ಬದನೆ ಸಂತೆಯದು, ಹರಿಗೋಲಿನ ಬಾಡಿಗೆ ಅಂಬಿಗನದು. ಇವು ಊರಲ್ಲಿ ಉಳಿದವು. ಬಾಟಲಿಯ ನೀರು, ಸಾಬೂನಿನ ಪೊಟ್ಟಣ, ಮೊಬೈಲಿನಲ್ಲಿ ಕೋಣೆ ಕಾದಿರಿಸಿಕೊಟ್ಟ ಕಂಪನಿಯ ದಲ್ಲಾಳಿ ಹಣ. ಇವು ಊರು ದಾಟಿದವು. ಈ ಪಟ್ಟಿಯನ್ನು ಬರೆಯುವಾಗ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ತಂಗುಮನೆ ನಡೆಸಬಲ್ಲವರು ಹೆಚ್ಚುವರಿ ಕೋಣೆಯುಳ್ಳವರು. ಒಂದೇ ಅಂಕಣದ ಮನೆಯಲ್ಲಿ ಆರು ಜನ ಮಲಗುವ ಕೂಲಿಯವನ ಮನೆಗೆ ಯಾವ ಪ್ರವಾಸಿಯೂ ಬರುವುದಿಲ್ಲ. ಕೇರಿಯೊಂದರಲ್ಲಿ ಉಣ್ಣಲು ಹಿಂಜರಿಯುವ ಅತಿಥಿಗಳೂ ಇದ್ದಾರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಟ್ಟೆ ಒಗೆಯುವುದು, ದಾರಿ ತೋರಿಸುವುದು, ಹರಿಗೋಲು ಹಾಕುವುದು, ನಾರು ಹೆಣೆಯುವುದು, ಎಲ್ಲರೂ ಸೇರಿ ನಡೆಸುವ ಅಡುಗೆಮನೆ ಇವುಗಳಲ್ಲಿ ಅಂತಹವರ ಪಾಲನ್ನು ಮೊದಲೇ ಗೊತ್ತುಮಾಡದಿದ್ದರೆ, ಗ್ರಾಮೀಣ ಪ್ರವಾಸವೆಂಬುದು ಗ್ರಾಮದ ನಾಲ್ಕು ಮನೆಗಳ ಪ್ರವಾಸವಾದೀತು. ಹಂಚಿಕೆಯ ಈ ಲೆಕ್ಕವನ್ನು ಅಧ್ಯಾಪಕರು ಪರೀಕ್ಷೆಯ ಪ್ರಶ್ನೆಯಾಗಿಯೇ ಕೇಳಬೇಕು.

ಇನ್ನು ಭಾಷೆ. ಹೋಟೆಲ್ ವಿದ್ಯಾರ್ಥಿಗೆ ಇಂಗ್ಲಿಷಿನ ಉಪಚಾರದ ಮಾತುಗಳು ಬಾಯಿಪಾಠ. ‘ಬರ್ರಿ, ಒಳಗ ಬರ್ರಿ’, ‘ಇನ್ನೊಂದು ರೊಟ್ಟಿ ತಗೋರಿ’ ಎಂಬ ಒತ್ತಾಯಕ್ಕೆ ಯಾವಾಗ ಒಪ್ಪಬೇಕು, ಎಷ್ಟನೆಯ ಬಾರಿಗೆ ‘ಸಾಕ್ರೀ’ ಎಂದರೆ ಮನೆಯವರಿಗೆ ನೋವಾಗದು ಎಂಬುದನ್ನು ಯಾವ ಪುಸ್ತಕವೂ ಹೇಳದು. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನಬೇಕೆಂಬುದನ್ನೂ ಅಲ್ಲಿಯ ಮುದುಕಿಯರೇ ತಿದ್ದಿ ಕಲಿಸುವರು.

ಪ್ರವಾಸ ಮುಗಿದ ಮೇಲೆ ವಿದ್ಯಾರ್ಥಿಗಳು ವರದಿ ಬರೆದು ಕಾಲೇಜಿಗೆ ಒಪ್ಪಿಸುವುದು ವಾಡಿಕೆ. ಆ ವರದಿಯನ್ನು ಕನ್ನಡದಲ್ಲಿ ಬರೆದು, ಕಾಲೇಜಿಗೆ ಕೊಡುವ ಮುನ್ನ ಅದೇ ಊರಿನ ಕಟ್ಟೆಯ ಮೇಲೆ, ಅವರಿಗೆ ಅನ್ನವಿಕ್ಕಿದ ಮನೆಯವರ ಎದುರಿಗೆ ಓದಿಸುವುದು ಮೇಲು. ಖರ್ಚಿನ ಲೆಕ್ಕದಲ್ಲಿ ಸೌದೆಯ ಬೆಲೆ ಬಿಟ್ಟುಹೋಗಿದೆ, ಹಿಟ್ಟು ಬೀಸಿಸಿದ ಕೂಲಿ ಸೇರಿಲ್ಲ, ಬೆಳಗಿನ ನೀರು ಕಾಯಿಸಿದ ಹುಡುಗಿಯ ಹೆಸರೇ ಇಲ್ಲ ಎಂದು ಅವರು ಹೇಳುವ ತಿದ್ದುಪಡಿಗಳನ್ನು ಬರೆದುಕೊಂಡ ಮೇಲೆ ಅಧ್ಯಾಪಕರು ಅಂಕ ಹಾಕಲಿ.