ಇಂಗ್ಲೆಂಡಿನ ಕಾಲುವೆಯಲ್ಲಿ ದೋಣಿ ವಿಹಾರ: ಲಾಕ್ ಇಳಿಯುವಾಗ ‘ಹೊಸ್ತಿಲು’ ಜೋಪಾನ!

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದರೆ ಊರಿನಿಂದ ಅಪ್ಪ-ಅಮ್ಮ ಬೇಸಿಗೆಗೆ ಹೋಗಿ ಬರುವುದು ಈಗ ಹೊಸದೇನಲ್ಲ. ಅಲ್ಲಿ ರಜೆಗೆ ಬಾಡಿಗೆಗೆ ಸಿಗುವ ಉದ್ದನೆಯ ಕಾಲುವೆ ದೋಣಿಗೆ ನ್ಯಾರೋಬೋಟ್ ಅಂತಾರೆ. ಒಳಗೇ ಅಡುಗೆಮನೆ, ಹಾಸಿಗೆ ಎಲ್ಲ ಇರುತ್ತೆ. ಓಡಿಸಲು ಲೈಸೆನ್ಸ್ ಬೇಕಿಲ್ಲ, ಬಾಡಿಗೆ ಕೊಡುವವರೇ ಹೇಳಿಕೊಡುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಚುರುಕಾಗಿ ನಡೆಯುವವರ ಜೊತೆ ಹೋದ ಹಾಗೆ. ಇದರಲ್ಲಿ ಅಪಾಯ ಎಲ್ಲಿಂದ ಬಂತು ಅನ್ನಿಸಬಹುದು. ಅಪಾಯ ಇರುವುದು ಲಾಕ್‌ನಲ್ಲಿ.

ನೆಲ ತಗ್ಗಾದ ಕಡೆ ನಮ್ಮ ನೀರಾವರಿ ಕಾಲುವೆಯಲ್ಲಿ ನೀರು ಧುಮುಕಿ ಮುಂದೆ ಹೋಗುತ್ತದೆ. ದೋಣಿ ಹಾಗೆ ಧುಮುಕಲು ಆಗುತ್ತದೆಯೇ? ಅದಕ್ಕೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ ಕಟ್ಟಿದ್ದಾರೆ, ಅದೇ ಲಾಕ್. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ತೂಬು ಎತ್ತಿ, ನೀರು ತುಂಬಿಸಿದರೆ ದೋಣಿ ಮೇಲೇಳುತ್ತೆ. ಖಾಲಿ ಮಾಡಿದರೆ ಇಳಿಯುತ್ತೆ. ಬರ್ಮಿಂಗ್‌ಹ್ಯಾಮ್‌ನಿಂದ ವೂಸ್ಟರ್‌ಗೆ ಹೋಗುವ ಕಾಲುವೆಯ ಟಾರ್ಡೆಬಿಗ್‌ನಲ್ಲಿ ಇಂಥ 30 ಲಾಕ್ ಒಂದರ ಹಿಂದೆ ಒಂದಿವೆ. ಎರಡೂಕಾಲು ಮೈಲಿಯಲ್ಲಿ 220 ಅಡಿ ಏರು!

ತೂಬನ್ನು ‘ಎಲ್’ ಆಕಾರದ ಕಬ್ಬಿಣದ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುವಬೇಕು. ತಿರುವಿದ ಮೇಲೆ ಹ್ಯಾಂಡಲ್ ಅಲ್ಲೇ ಬಿಟ್ಟು ಹೋಗಬಾರದು. ಹಲ್ಲಿನ ಹಿಡಿತ ತಪ್ಪಿದರೆ ಅದು ಗಿರ್ರನೆ ತಿರುಗಿ ಕೈ ಮುರಿಯಬಹುದು, ಹಾರಿ ಮುಖಕ್ಕೂ ಬಡಿಯಬಹುದು.

ಇಳಿಯುವಾಗಲೇ ಹೆಚ್ಚು ಎಚ್ಚರ

ಮೇಲಿನ ಬಾಗಿಲ ಬುಡದಲ್ಲಿ ತೊಟ್ಟಿಯೊಳಕ್ಕೆ ಚಾಚಿದ ಒಂದು ಕಲ್ಲಿನ ಅಂಚಿದೆ. ಅಲ್ಲಿನವರು ಅದನ್ನು ಸಿಲ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಹೊಸ್ತಿಲು. ತೊಟ್ಟಿ ತುಂಬಿದ್ದಾಗ ಅದು ಕಾಣುವುದೇ ಇಲ್ಲ. ಇಳಿಯುವಾಗ ದೋಣಿಯ ಮೂತಿ ಕೆಳಗಿನ ಬಾಗಿಲ ಕಡೆ, ಹಿಂಬದಿ ಈ ಹೊಸ್ತಿಲ ಕಡೆ. ಚುಕ್ಕಾಣಿ ಹಿಡಿದವರು ಹಿಂಬದಿಯಲ್ಲೇ ನಿಂತು ಮುಂದೆ ನೋಡುತ್ತಿರುತ್ತಾರೆ, ಹೊಸ್ತಿಲು ಅವರ ಬೆನ್ನ ಹಿಂದೆ. ಅಷ್ಟರಲ್ಲಿ ದೋಣಿ ಹಿಂದಕ್ಕೆ ಸರಿದು ಅದರ ಮೇಲೆ ಕೂತರೆ ಮುಗೀತು. ನೀರು ಇಳಿದಂತೆ ಮೂತಿ ಕೆಳಗೆ ಹೋಗುತ್ತೆ, ಹಿಂಬದಿ ಮೇಲೆಯೇ ನೇತಾಡುತ್ತೆ. ಮುಂದಿನಿಂದ ನೀರು ನುಗ್ಗಿ ಕೆಲವೇ ನಿಮಿಷದಲ್ಲಿ ದೋಣಿ ಮುಳುಗಬಹುದು.

ಹೊಸ್ತಿಲು ಎಲ್ಲಿಯವರೆಗಿದೆ ಅಂತ ದಡದ ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಚುಕ್ಕಾಣಿಯೂ ಸೇರಿ ಇಡೀ ದೋಣಿ ಆ ಗೆರೆಗಿಂತ ಮುಂದೆ ಇರಲೇಬೇಕು, ನೀರು ಪೂರ್ತಿ ಇಳಿಯುವವರೆಗೂ. ಹಗ್ಗವನ್ನು ದಡದ ಗೂಟಕ್ಕೆ ಗಂಟು ಹಾಕಿದರೆ ದೋಣಿ ಹಗ್ಗದಲ್ಲೇ ನೇತಾಡುತ್ತೆ. ಒಂದು ಸುತ್ತು ಸುತ್ತಿ, ಕೈಯಲ್ಲಿ ಹಿಡಿದು, ನೀರು ಇಳಿದಂತೆ ಸಡಿಲ ಬಿಡಬೇಕು.

ದೋಣಿ ಎಲ್ಲಾದರೂ ಸಿಕ್ಕಿಕೊಂಡಿತು ಅನ್ನಿಸಿದರೆ ತಳ್ಳುತ್ತಾ ಕೂರಬಾರದು. ಮೊದಲು ಕೆಳಗಿನ ತೂಬು ಮುಚ್ಚಬೇಕು. ಆಮೇಲೆ ಮೇಲಿನ ತೂಬು ನಿಧಾನವಾಗಿ ಎತ್ತಿದರೆ ನೀರು ತುಂಬಿ ದೋಣಿ ಮತ್ತೆ ತೇಲುತ್ತೆ. ಅದಕ್ಕಾಗಿ ಹ್ಯಾಂಡಲ್ ಹಿಡಿದವರು ತೂಬಿನ ಹತ್ತಿರವೇ ಇರಬೇಕು. ಊರಿನವರಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸುವ ಆಸೆ ಸಹಜ, ಅದನ್ನು ಲಾಕ್ ದಾಟಿದ ಮೇಲೆ ಮಾಡಿದರಾಯ್ತು. ದಡದಲ್ಲಿ ನಿಂತವರು ‘ನಾನೂ ತಿರುವಲಾ’ ಅಂತ ಬರುತ್ತಾರೆ, ಒಳ್ಳೆಯ ಜನವೇ. ಆದರೆ ಚುಕ್ಕಾಣಿ ಹಿಡಿದವರು ಕೈ ತೋರಿಸುವ ತನಕ ಯಾರೂ ತೂಬು ಮುಟ್ಟುವಂತಿಲ್ಲ.

ಹತ್ತುವಾಗ ಬೇರೆ ತೊಂದರೆ. ಬಾಗಿಲಿನಲ್ಲೇ ಇರುವ ತೂಬನ್ನು ಮೊದಲೇ ಎತ್ತಿದರೆ ನೀರು ನೇರ ದೋಣಿಯೊಳಕ್ಕೆ ಸುರಿಯಬಹುದು. ಪಕ್ಕದ ನೆಲದ ತೂಬಿದ್ದರೆ ಅದನ್ನೇ ಮೊದಲು, ಅದೂ ಅರ್ಧ ಮಾತ್ರ ಎತ್ತಬೇಕು.

ಸಣ್ಣ ಲಾಕ್‌ಗಳ ಅಗಲ ಸುಮಾರು 7 ಅಡಿ, ದೋಣಿಯದು 6 ಅಡಿ 10 ಇಂಚು. ಗೋಡೆಗೂ ದೋಣಿಗೂ ನಡುವೆ ಕೈಕಾಲು ಚಾಚುವ ಮಾತೇ ಇಲ್ಲ.

ಹೊರಬಂದ ಮೇಲೆ ಎಲ್ಲ ತೂಬು, ಬಾಗಿಲು ಮುಚ್ಚಿ ಹೋಗುವುದು ಅಲ್ಲಿನ ರೂಢಿ. ಒಂದು ಸಣ್ಣ ಲಾಕ್‌ಗೇ 1 ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ತೂಬು ತೆರೆದೇ ಬಿಟ್ಟರೆ ರಾತ್ರಿಯೆಲ್ಲ ನೀರು ಹರಿದು, ಬೆಳಗ್ಗೆ ಮೇಲಿನ ದೋಣಿಗಳು ಕೆಸರಲ್ಲಿ ಕೂತಿರುತ್ತವೆ.